ಬೆಳೆದ ನಾಯಿಯನ್ನು ದತ್ತು ತಂದಿದ್ದೀರಾ? ಒಂದಕ್ಕೆ, ಎರಡಕ್ಕೆ ಹೊರಗೇ ಹೋಗುವುದನ್ನು ಹೀಗೆ ಕಲಿಸಿ

ನಮ್ಮ ಚುಕ್ಕಿ ಮನೆಗೆ ಬಂದಾಗ ಅವಳಿಗೆ ಸುಮಾರು 4 ವರ್ಷ. ಅಷ್ಟೂ ವರ್ಷ ಸಿಮೆಂಟು ನೆಲದ ಗೂಡಿನಲ್ಲೇ ಕಳೆದಿದ್ದ ನಾಯಿ. ಬಂದ ಸಂಜೆ ಅವಳನ್ನು ಹುಲ್ಲಿನ ಮೇಲೆ 40 ನಿಮಿಷ ಸುತ್ತಾಡಿಸಿದೆ, ಒಂದು ಹನಿಯೂ ಬೀಳಲಿಲ್ಲ. ಒದ್ದೆ ಹುಲ್ಲು ತಾಗಿದಾಗಲೆಲ್ಲ ಒಂದೊಂದೇ ಪಾದ ಎತ್ತಿ ಕೊಡವುತ್ತಿದ್ದಳು. ವಾಪಸ್ ಬಂದು ಎರಡು ನಿಮಿಷ ಆಗಿರಲಿಲ್ಲ, ಬಚ್ಚಲುಮನೆಯ ಬಾಗಿಲ ಮುಂದೆ ನುಣುಪು ನೆಲದ ಮೇಲೆ ಕುಳಿತು ಹೊಯ್ದೇಬಿಟ್ಟಳು. ಹೊಯ್ಯುತ್ತಲೇ ನನ್ನ ಮುಖ ನೋಡಿದಳು. ಕಿವಿ ಹಿಂದಕ್ಕೆ ಅಂಟಿತ್ತು, ಬಾಲ ಹೊಟ್ಟೆಯಡಿ ಸೇರಿತ್ತು. ಏಟು ಬೀಳುತ್ತದೆಂದು ಕಾಯುತ್ತಿದ್ದಳು.

ಆ ನೋಟ ನನಗೆ ಮುಖ್ಯವಾದ ಒಂದು ವಿಷಯ ತಿಳಿಸಿತು. ಇಂಥ ನಾಯಿಗೆ ಮೊದಲು ಕಲಿಸಬೇಕಾದದ್ದು "ಮನೆಯೊಳಗೆ ಮಾಡಬಾರದು" ಎಂಬುದನ್ನಲ್ಲ, "ಈ ಮನುಷ್ಯರ ಎದುರು ಹೊಯ್ದರೆ ಭಯವಿಲ್ಲ" ಎಂಬುದನ್ನು. ನಿಮ್ಮೆದುರು ಹೊಯ್ಯಲು ಹೆದರುವ ನಾಯಿ ಹೊರಗೆ ನಿಮ್ಮ ಜೊತೆ ಎಷ್ಟು ಹೊತ್ತು ನಿಂತರೂ ಕಟ್ಟಿಕೊಂಡೇ ಇರುತ್ತದೆ. ಒಳಗೆ ಬಂದ ಮೇಲೆ ಸೋಫಾದ ಹಿಂದೆ, ಮಂಚದ ಕೆಳಗೆ, ನೀವು ಕಾಣದ ಕಡೆ ಹೋಗಿ ಮುಗಿಸುತ್ತದೆ. ಕೆಳಗೆ ಹೇಳಿರುವ ಹೆಜ್ಜೆಗಳೆಲ್ಲ ಈ ಭಯ ಕಳೆಯುವ ಕೆಲಸದ ಸುತ್ತಲೇ ಇವೆ.

ಒಂದು ಸಮಾಧಾನದ ಮಾತೂ ಇದೆ. ಬೆಳೆದ ನಾಯಿಗೆ ಮರಿಗಿಂತ ಹೆಚ್ಚು ಹೊತ್ತು ತಡೆದುಕೊಳ್ಳುವ ಶಕ್ತಿ ಇರುತ್ತದೆ. ಆರೋಗ್ಯವಾಗಿದ್ದರೆ ಹಗಲಿನಲ್ಲಿ 6ರಿಂದ 8 ಗಂಟೆ ತಡೆಯಬಲ್ಲದು. ಹಾಗಾಗಿ ಸರಿಯಾದ ಕ್ರಮ ಹಿಡಿದರೆ ಎಷ್ಟೋ ನಾಯಿಗಳು ಕೆಲವೇ ವಾರಗಳಲ್ಲಿ ದಾರಿಗೆ ಬರುತ್ತವೆ. ಹಳೆಯ ಅಭ್ಯಾಸ ಗಟ್ಟಿಯಾಗಿದ್ದರೆ ಎರಡು ಮೂರು ತಿಂಗಳು ಹಿಡಿಯಬಹುದು.

ಮೊದಲು ಪಶುವೈದ್ಯರ ಹತ್ತಿರ

ಇದನ್ನು ಬಿಟ್ಟು ಮುಂದಿನದನ್ನು ಶುರು ಮಾಡಬೇಡಿ. ಮೂತ್ರನಾಳದ ಸೋಂಕು ಅಥವಾ ಮೂತ್ರಕೋಶದ ಕಲ್ಲು ಇರುವ ನಾಯಿಗೆ ತಡೆದುಕೊಳ್ಳಲು ಆಗುವುದೇ ಇಲ್ಲ. ಅದಕ್ಕೆ ಶಿಸ್ತು ಕಲಿಸಲು ಹೊರಟರೆ ಅದು ಹಿಂಸೆಯೇ ಆಗುತ್ತದೆ. ಮಧುಮೇಹ, ಮೂತ್ರಪಿಂಡದ ತೊಂದರೆ, ಹಾರ್ಮೋನಿನ ಕಾಯಿಲೆಗಳಲ್ಲಿ ನಾಯಿ ವಿಪರೀತ ನೀರು ಕುಡಿದು ವಿಪರೀತ ಹೊಯ್ಯುತ್ತದೆ. ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಹೀಗೇ ಆಗುತ್ತದೆ. ಹೊಟ್ಟೆಹುಳ ಇದ್ದರೆ ಭೇದಿ.

ಒಂದು ದಿನಕ್ಕೆ ಎಷ್ಟು ನೀರು ಕುಡಿಯುತ್ತಿದೆ ಎಂದು ಅಳೆದು ನೋಡಿ. ಸಾಮಾನ್ಯವಾಗಿ ಪ್ರತಿ ಕಿಲೋ ತೂಕಕ್ಕೆ 50–60 ಮಿಲಿಲೀಟರ್ ಆಸುಪಾಸು ಇರುತ್ತದೆ. ಕಿಲೋಗೆ 100 ಮಿಲಿಲೀಟರ್ ದಾಟಿದರೆ ವೈದ್ಯರಿಗೆ ಹೇಳಲೇಬೇಕು. ಹಾಗೆಂದು ಗಲೀಜು ಕಡಿಮೆಯಾಗಲಿ ಎಂದು ನೀರಿನ ಬಟ್ಟಲು ಎತ್ತಿಡುವ ಕೆಲಸ ಮಾತ್ರ ಮಾಡಬೇಡಿ.

ಮಲಗಿ ಎದ್ದ ಜಾಗ ಒದ್ದೆಯಾಗಿದ್ದು, ನಾಯಿಗೆ ಅದರ ಅರಿವೇ ಇಲ್ಲದಂತಿದ್ದರೆ ಅದು ಸೋರಿಕೆ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಹೆಣ್ಣು ನಾಯಿಗಳಲ್ಲಿ ಇದನ್ನು ಹೆಚ್ಚಾಗಿ ನೋಡುತ್ತೇವೆ. ಔಷಧಿಯಿಂದ ಚೆನ್ನಾಗಿ ಹತೋಟಿಗೆ ಬರುತ್ತದೆ. ಎರಡು ಸಂದರ್ಭಗಳಲ್ಲಿ ಮಾತ್ರ ಒಂದು ದಿನವೂ ಕಾಯಬಾರದು. ನಾಯಿ ತಿಣುಕುತ್ತಿದ್ದು ಮೂತ್ರವೇ ಬರದಿದ್ದರೆ ಒಂದು. ಶಸ್ತ್ರಚಿಕಿತ್ಸೆ ಆಗದ ಹೆಣ್ಣು ನಾಯಿ ತುಂಬ ನೀರು ಕುಡಿಯುತ್ತಾ ಮಂಕಾಗಿ, ಊಟ ಬಿಟ್ಟಿದ್ದರೆ ಇನ್ನೊಂದು. ಎರಡೂ ಜೀವಕ್ಕೆ ಅಪಾಯ ತರುವಂಥವು.

ಎಲ್ಲ ಉಚ್ಚೆಯೂ ಒಂದೇ ಅಲ್ಲ

ನೆಲ ಒದ್ದೆಯಾಗಿದೆ ಎಂದ ಮಾತ್ರಕ್ಕೆ ನಾಯಿಗೆ ಅಭ್ಯಾಸವಿಲ್ಲ ಎಂದುಕೊಳ್ಳಬೇಡಿ. ಎಲ್ಲಿ, ಎಷ್ಟು, ಯಾವಾಗ ಎಂಬುದನ್ನು ನೋಡಿದರೆ ಕಾರಣ ತಿಳಿಯುತ್ತದೆ.

ಗೋಡೆ, ಬಾಗಿಲ ಚೌಕಟ್ಟು, ಕುರ್ಚಿ ಕಾಲುಗಳ ಮೇಲೆ ಸ್ವಲ್ಪ ಸ್ವಲ್ಪವೇ ಬಿದ್ದಿದ್ದರೆ ಅದು ಗುರುತು ಹಾಕುವ ಚಾಳಿ. ಹೊಸ ಮನೆಯ ಹೊಸ ವಾಸನೆಗಳ ನಡುವೆ ತನ್ನ ವಾಸನೆಯನ್ನೂ ಸೇರಿಸುವ ಯತ್ನ ಅದು. ಗಂಡು ನಾಯಿಗಳಲ್ಲಿ ಹೆಚ್ಚು, ಹೆಣ್ಣಿನಲ್ಲೂ ಇಲ್ಲದಿಲ್ಲ. ಶಸ್ತ್ರಚಿಕಿತ್ಸೆಯಿಂದ ಹಲವು ಗಂಡು ನಾಯಿಗಳಲ್ಲಿ ಇದು ತಗ್ಗುತ್ತದೆ. ಜೊತೆಗೆ ಮೊದಲ ವಾರಗಳಲ್ಲಿ ಹೊಟ್ಟೆಗೆ ಸುತ್ತುವ ಬಟ್ಟೆಪಟ್ಟಿ ಕಟ್ಟಿದರೆ ಗೋಡೆ ಉಳಿಯುತ್ತದೆ. ಒದ್ದೆಯಾದ ಪಟ್ಟಿಯನ್ನು ತಕ್ಷಣ ಬದಲಿಸಬೇಕು, ಇಲ್ಲದಿದ್ದರೆ ಚರ್ಮ ಕೆಂಪಾಗುತ್ತದೆ.

ನೀವು ಬಂದು ಬಗ್ಗಿ ಮುಟ್ಟುವಾಗ ನಾಯಿ ಕುಗ್ಗಿ ಕೂತು ಅಲ್ಲೇ ಹನಿಸಿದರೆ ಅದು ವಿಧೇಯತೆಯ ಉಚ್ಚೆ. "ನಾನು ನಿನಗೆ ಎದುರಾಳಿಯಲ್ಲ, ಬಿಟ್ಟುಬಿಡು" ಎಂದು ಅದು ಹೇಳುವ ರೀತಿ. ಬೈದರೆ ಇನ್ನೂ ಹೆಚ್ಚಾಗುತ್ತದೆ. ಅದರ ಮೇಲೆ ಬಾಗದೆ ಪಕ್ಕಕ್ಕೆ ತಿರುಗಿ ಕುಳಿತು, ಕಣ್ಣಿಗೆ ಕಣ್ಣಿಡದೆ, ಅದೇ ನಿಮ್ಮ ಹತ್ತಿರ ಬರಲು ಬಿಡಿ.

ನೀವಿಲ್ಲದಾಗ ಮಾತ್ರ ಗಲೀಜಾಗಿ, ಜೊತೆಗೆ ಬಾಗಿಲು ಕೆರೆದ, ಊಳಿಟ್ಟ, ಜೊಲ್ಲು ಸುರಿಸಿದ ಗುರುತುಗಳಿದ್ದರೆ ಅದು ಒಂಟಿತನದ ದಿಗಿಲು. ಅದಕ್ಕೆ ಈ ಮಾರ್ಗದರ್ಶಿ ಸಾಲದು, ನಾಯಿಗಳ ವರ್ತನೆ ಬಲ್ಲವರ ನೆರವು ಬೇಕು.

ಇವು ಯಾವುವೂ ಅಲ್ಲದೆ ಹಗಲು ಹೊತ್ತಿನಲ್ಲಿ ನೆಲದ ಮೇಲೆ ದೊಡ್ಡ ಮಡು ಕಟ್ಟುತ್ತಿದ್ದರೆ ನಾಯಿಗೆ ಜಾಗ ಗೊತ್ತಿಲ್ಲ ಎಂದೇ ಅರ್ಥ. ಅದನ್ನು ಕಲಿಸಬಹುದು.

ಮನೆ ಹೊಕ್ಕುವ ಮುನ್ನ

ಕರೆತಂದ ನಾಯಿಯನ್ನು ನೇರವಾಗಿ ಒಳಗೆ ಬಿಡಬೇಡಿ. ಪ್ರಯಾಣದ ಗಾಬರಿ, ಹೊಸ ಜಾಗದ ಉದ್ವೇಗ ಸೇರಿ ಒಳಗೆ ಹೋದೊಡನೆ ಹೊಯ್ಯುವ ಸಾಧ್ಯತೆ ಬಹಳ. ಮುಂದೆ ನೀವು ಯಾವ ಜಾಗಕ್ಕೆ ಕರೆದೊಯ್ಯಬೇಕೆಂದಿದ್ದೀರೋ ಮೊದಲು ಅಲ್ಲಿಗೇ ಹೋಗಿ. ಹಗ್ಗ ಹಿಡಿದು ಅದು ಮೂಸಲಿ, ಸುತ್ತಲಿ ಎಂದು ಬಿಡಿ. ಹೊಯ್ದರೆ ಒಳ್ಳೆಯದು. ಹೊಯ್ಯದಿದ್ದರೂ ಆ ಜಾಗದ ಪರಿಚಯವಾಯಿತು.

ಒಳಗೆ ಬಂದ ಮೇಲೂ ಹಗ್ಗ ಬಿಚ್ಚಬೇಡಿ. ಒಂದೊಂದೇ ಕೋಣೆ ತೋರಿಸಿ, ಕೊನೆಗೆ ಒಂದು ಕೋಣೆಯಲ್ಲಿ ನೆಲೆ ಮಾಡಿಕೊಡಿ. ಮೊದಲ ವಾರಗಳಲ್ಲಿ ಇಡೀ ಮನೆಯ ಓಡಾಟ ಬೇಡ. ಕಾಲೊರಸು, ಜಮಖಾನ, ನೆಲದ ಹಾಸುಗಳನ್ನು ಸುತ್ತಿಡಿ. ಮೆತ್ತಗೆ, ನೀರು ಹೀರುವ ಯಾವುದೇ ಹಾಸೂ ಕೆಲವು ನಾಯಿಗಳಿಗೆ ಹುಲ್ಲಿನಂತೆಯೇ ಅನಿಸುತ್ತದೆ.

ಗಡಿಯಾರ ಮತ್ತು ಒಂದು ನೋಟ್‌ಬುಕ್

20 ಕಿಲೋ ತೂಕದ ಆರೋಗ್ಯವಂತ ನಾಯಿಯ ದೇಹದಲ್ಲಿ ದಿನಕ್ಕೆ 400ರಿಂದ 800 ಮಿಲಿಲೀಟರ್ ಮೂತ್ರ ಉತ್ಪತ್ತಿಯಾಗುತ್ತದೆ. ಅದು ಎಲ್ಲೋ ಒಂದು ಕಡೆ ಹೋಗಲೇಬೇಕು. ನಾವು ಮಾಡಬೇಕಾದದ್ದು ಆ ಹೊತ್ತಿಗೆ ನಾಯಿಯನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವ ಕೆಲಸ.

ಬೆಳಗ್ಗೆ ಎದ್ದ ಕೂಡಲೇ, ಪ್ರತಿ ಊಟದ ನಂತರ 15ರಿಂದ 30 ನಿಮಿಷದೊಳಗೆ, ನಿದ್ದೆಯಿಂದ ಎದ್ದಾಗ, ಆಟ ಮುಗಿದಾಗ, ರಾತ್ರಿ ಮಲಗುವ ಮೊದಲು ಹೊರಗೆ ಕರೆದೊಯ್ಯಿರಿ. ಇವುಗಳ ನಡುವೆ ಎರಡು ಗಂಟೆಗೊಮ್ಮೆ. ತಡೆದುಕೊಳ್ಳುವ ಶಕ್ತಿ ಇದೆ ಎಂದಮೇಲೆ ಇಷ್ಟು ಸಲ ಯಾಕೆ ಎನ್ನಿಸಬಹುದು. ಸರಿಯಾದ ಜಾಗದಲ್ಲಿ ಆಗುವ ಒಂದೊಂದು ಸಲವೂ ಒಂದು ಪಾಠ. ದಿನಕ್ಕೆ ಮೂರು ಪಾಠಕ್ಕಿಂತ ಎಂಟು ಪಾಠ ಸಿಕ್ಕರೆ ಬೇಗ ಕಲಿಯುತ್ತದೆ.

ಊಟದ ಬಟ್ಟಲನ್ನು ದಿನವಿಡೀ ತುಂಬಿಡಬೇಡಿ. ದಿನಕ್ಕೆ ಎರಡು ಹೊತ್ತು, ಅದೇ ಸಮಯಕ್ಕೆ ಹಾಕಿ, 20 ನಿಮಿಷದ ನಂತರ ಎತ್ತಿಬಿಡಿ. ಹೊಟ್ಟೆಗೆ ಅನ್ನ ಬಿದ್ದೊಡನೆ ಕರುಳು ಚುರುಕಾಗುವುದು ದೇಹದ ಸಹಜ ಕ್ರಿಯೆ. ಒಳಗೆ ಹೋಗುವುದಕ್ಕೆ ಹೊತ್ತು ಗೊತ್ತಿದ್ದರೆ ಹೊರಗೆ ಬರುವುದಕ್ಕೂ ಹೊತ್ತು ಗೊತ್ತಾಗುತ್ತದೆ.

ನೋಟ್‌ಬುಕ್ಕಿನಲ್ಲಿ ಊಟ, ನೀರು, ಒಂದಕ್ಕೆ, ಎರಡಕ್ಕೆ, ತಪ್ಪು ಎಲ್ಲವನ್ನೂ ಸಮಯದ ಸಮೇತ ಬರೆಯಿರಿ. ಚುಕ್ಕಿಯ ಪುಸ್ತಕವನ್ನು ಐದನೇ ದಿನ ತಿರುವಿದಾಗ ಹೆಚ್ಚಿನ ತಪ್ಪುಗಳು ಸಂಜೆ 4ರಿಂದ 5ರ ನಡುವೆಯೇ ಆಗಿದ್ದವು. ಮಧ್ಯಾಹ್ನದ ನಿದ್ದೆಯಿಂದ ಅವಳು ಏಳುವ ಹೊತ್ತು ಅದು, ನಾವು ಗಮನಿಸಿರಲಿಲ್ಲ. 4ಕ್ಕೆ ಒಂದು ಸುತ್ತು ಸೇರಿಸಿದೆವು, ಆ ವಾರವೇ ಅರ್ಧಕ್ಕರ್ಧ ತಪ್ಪು ನಿಂತವು.

ಹೊರಗೆ ನಿಂತಾಗ ಏನು ಮಾಡಬೇಕು

ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಂಗಳವಿದೆ ಎಂದು ನಾಯಿಯನ್ನು ಒಂಟಿಯಾಗಿ ಹೊರಗೆ ಬಿಟ್ಟು ಬಾಗಿಲು ಹಾಕಬೇಡಿ. ಅದು ಹೊಯ್ದಿತೋ, ಬರೀ ಚಿಟ್ಟೆ ಹಿಂದೆ ಓಡಿತೋ ನಿಮಗೆ ತಿಳಿಯುವುದಿಲ್ಲ. ಹೊಯ್ದದ್ದಕ್ಕೆ ಮೆಚ್ಚುಗೆ ಸಿಗುತ್ತದೆ ಎಂದು ಅದಕ್ಕೂ ತಿಳಿಯುವುದಿಲ್ಲ. ಒಂದೂವರೆ ಎರಡು ಮೀಟರ್ ಹಗ್ಗ ಹಾಕಿ ಜೊತೆಗೇ ಹೋಗಿ. ಪ್ರತಿ ಸಲ ಅದೇ ಬಾಗಿಲು, ಅದೇ ದಾರಿ, ಅದೇ ಜಾಗ. ಅಲ್ಲಿ ಮರದಂತೆ ನಿಂತುಬಿಡಿ. ಮಾತು ಬೇಡ, ಆಟ ಬೇಡ, ಫೋನ್ ಬೇಡ. ನಾಯಿಗೆ ಹಗ್ಗದಳತೆಯ ಸುತ್ತಳತೆಯಲ್ಲಿ ಮೂಸುವುದನ್ನು ಬಿಟ್ಟು ಬೇರೆ ಕೆಲಸ ಇರಬಾರದು. ದಿಟ್ಟಿಸಿ ನೋಡಬೇಡಿ, ಅರ್ಧ ತಿರುಗಿ ನಿಂತು ಓರೆಗಣ್ಣಿನಲ್ಲಿ ಗಮನಿಸಿ. ಅಂಜುವ ನಾಯಿಗೆ ನಿಮ್ಮ ನೋಟವೇ ಭಾರ. ಅಂಥ ನಾಯಿಗೆ ಉದ್ದದ ಹಗ್ಗ ಹಾಕಿ ಐದಾರು ಮೀಟರ್ ದೂರದಲ್ಲಿ ನಿಂತರೆ ಇನ್ನೂ ಒಳ್ಳೆಯದು.

ಹೊಯ್ಯಲು ಶುರು ಮಾಡಿದಾಗ ಮೆಲ್ಲಗೆ ಒಂದು ಮಾತು ಹೇಳಿ. "ಒಂದ ಮಾಡು" ಎನ್ನಿ, ಬೇರೇನಾದರೂ ಎನ್ನಿ, ಆದರೆ ಮನೆಮಂದಿಯೆಲ್ಲ ಅದೇ ಮಾತನ್ನು ಬಳಸಬೇಕು. ಕೆಲವು ವಾರಗಳಲ್ಲಿ ಆ ಮಾತು ಕೇಳಿದರೆ ಮಾಡಬೇಕು ಎಂದು ನಾಯಿ ಹೊಂದಿಸಿಕೊಳ್ಳುತ್ತದೆ. ಮಳೆ ಸುರಿಯುವಾಗ ಈ ಮಾತಿನ ಬೆಲೆ ತಿಳಿಯುತ್ತದೆ.

ಪೂರ್ತಿ ಮುಗಿಸಲು ಬಿಡಿ. ನಡುವೆಯೇ "ಶಾಭಾಷ್" ಎಂದು ಕೂಗಿದರೆ ಅರ್ಧಕ್ಕೇ ನಿಲ್ಲಿಸಿ ಓಡಿಬರುತ್ತದೆ, ಉಳಿದರ್ಧ ಮನೆಯೊಳಗೆ ಬೀಳುತ್ತದೆ. ಮುಗಿದು ಮೈ ನೇರ ಮಾಡಿದ ಒಂದೆರಡು ಸೆಕೆಂಡಿನೊಳಗೆ, ನಿಂತ ಜಾಗದಲ್ಲೇ, ಅದಕ್ಕೆ ತುಂಬ ಇಷ್ಟವಾದ ತಿಂಡಿಯ ಸಣ್ಣ ತುಣುಕು ಕೊಡಿ. ತಿಂಡಿ ನಿಮ್ಮ ಜೇಬಿನಲ್ಲೇ ಇರಬೇಕು. ಒಳಗೆ ಬಂದು ಡಬ್ಬ ತೆರೆದು ಕೊಟ್ಟರೆ ಅದು ಕಲಿಯುವುದು ಇಷ್ಟೇ: ಮನೆಯೊಳಗೆ ಬಂದರೆ ತಿಂಡಿ ಸಿಗುತ್ತದೆ.

ಇನ್ನೊಂದು, ಬಹಳ ಜನ ಗಮನಿಸದ್ದು. ನಾಯಿ ಹೊಯ್ದ ತಕ್ಷಣ "ಆಯಿತಲ್ಲ, ನಡಿ" ಎಂದು ಮನೆಗೆ ಎಳೆದುಕೊಂಡು ಬರಬೇಡಿ. ಹೊಯ್ದರೆ ಸುತ್ತಾಟ ಮುಗಿಯಿತು ಎಂದು ಕಲಿತ ನಾಯಿ ಆದಷ್ಟು ಹೊತ್ತು ಕಟ್ಟಿಕೊಂಡು ಓಡಾಡುತ್ತದೆ. ಇದನ್ನು ತಿರುಗಿಸಿ. ಮೊದಲು ಕೆಲಸ, ಆಮೇಲೆ ಸುತ್ತಾಟ.

10 ನಿಮಿಷ ಕಾದರೂ ಆಗಲಿಲ್ಲವೇ? ಒಳಗೆ ಬನ್ನಿ, ಆದರೆ ಬಿಡಬೇಡಿ. ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಳ್ಳಿ ಅಥವಾ ಪಕ್ಕದಲ್ಲೇ ಕೂರಿಸಿಕೊಳ್ಳಿ. 15 ನಿಮಿಷ ಬಿಟ್ಟು ಮತ್ತೆ ಅದೇ ಜಾಗಕ್ಕೆ. ಆಗುವ ತನಕ ಹೀಗೇ. ಮೊದಲ ಎರಡು ದಿನ ಇದು ಬೇಸರ ತರಿಸುತ್ತದೆ, ತಾಳಿಕೊಳ್ಳಿ.

ಚುಕ್ಕಿಯ ವಿಷಯದಲ್ಲಿ ಇಷ್ಟೂ ಸಾಲಲಿಲ್ಲ. ನಾಯಿಗಳು ಮರಿಯಾಗಿದ್ದಾಗ ಕಾಲಡಿಗೆ ಯಾವ ನೆಲ ಸಿಕ್ಕಿತ್ತೋ ಅದನ್ನೇ ಶೌಚದ ಜಾಗವೆಂದು ಹಚ್ಚಿಕೊಳ್ಳುತ್ತವೆ. ಹೊರಗೆ ಬೆಳೆದದ್ದಕ್ಕೆ ಮಣ್ಣು ಬೇಕು, ಗೂಡಿನಲ್ಲಿ ಬೆಳೆದದ್ದಕ್ಕೆ ಗಟ್ಟಿ ನೆಲ ಬೇಕು. ಹುಲ್ಲು ಅವಳ ಪಾಲಿಗೆ ಶೌಚದ ಜಾಗವೇ ಆಗಿರಲಿಲ್ಲ. ಮೂರನೆಯ ದಿನ ಅವಳನ್ನು ಹುಲ್ಲಿನ ಅಂಚಿನಲ್ಲಿದ್ದ ಒಂದು ಸಿಮೆಂಟು ಚಪ್ಪಡಿಯ ಮೇಲೆ ನಿಲ್ಲಿಸಿದೆ. ಬೆಳಗ್ಗೆ ಮನೆಯೊಳಗೆ ಅವಳದ್ದೇ ಉಚ್ಚೆ ಒರೆಸಿದ್ದ ಬಟ್ಟೆಯನ್ನು ಮೊದಲೇ ಅಲ್ಲಿ ಹಾಸಿದ್ದೆ. ಮೂಗನ್ನು ಬಟ್ಟೆಗೆ ಒತ್ತಿದಳು, ಎರಡು ಸುತ್ತು ಸುತ್ತಿದಳು, ನನ್ನ ಕಡೆ ಒಮ್ಮೆ ನೋಡಿದಳು. ನಾನು ಉಸಿರು ಬಿಗಿಹಿಡಿದು ಬೇರೆ ಕಡೆ ಮುಖ ತಿರುಗಿಸಿದೆ. ಕುಳಿತಳು. ತಿಂಡಿ ಕೊಡುವಾಗ ನನ್ನ ಕೈ ನಡುಗುತ್ತಿತ್ತು. ಒಂದು ವಾರ ಆ ಚಪ್ಪಡಿಯಲ್ಲೇ ನಡೆಯಿತು. ಆಮೇಲೆ ಚಪ್ಪಡಿಯ ಮೇಲೆ ಒಂದು ಹಿಡಿ ಮಣ್ಣು ಮತ್ತು ಕಿತ್ತ ಹುಲ್ಲು ಉದುರಿಸಿದೆ, ದಿನದಿನಕ್ಕೆ ಹೆಚ್ಚಿಸಿದೆ, ಬಟ್ಟೆಯನ್ನು ಅಂಚಿನತ್ತ ಸರಿಸಿದೆ. ಮೂರನೆಯ ವಾರ ಅವಳ ಹಿಂಗಾಲು ಹುಲ್ಲಿನ ಮೇಲಿತ್ತು.

ಒಳಗಿರುವಾಗ

ಕಣ್ಣು ಸದಾ ಇರಬೇಕು. ಕಣ್ಣಿಡಲು ಆಗದಾಗ ಜಾಗ ಕಿರಿದಾಗಬೇಕು. ನಿಯಮ ಇಷ್ಟೇ.

ಅಡುಗೆ ಮಾಡುವಾಗ, ಕೆಲಸಕ್ಕೆ ಕೂತಾಗ ನಾಯಿಯ ಹಗ್ಗ ನಿಮ್ಮ ಸೊಂಟಕ್ಕಿರಲಿ. ಆಟ ನಿಲ್ಲಿಸಿ ನೆಲ ಮೂಸತೊಡಗುವುದು, ಒಂದೇ ಕಡೆ ಸುತ್ತುವುದು, ಮೊದಲು ತಪ್ಪು ಮಾಡಿದ್ದ ಮೂಲೆಯತ್ತ ಹೋಗುವುದು, ಸುಮ್ಮನೆ ಎದ್ದು ಕೋಣೆಯಿಂದ ಜಾರಿಕೊಳ್ಳುವುದು, ಬಾಗಿಲ ಬಳಿ ನಿಂತು ನಿಮ್ಮನ್ನು ನೋಡುವುದು, ಇವೆಲ್ಲ ಸೂಚನೆಗಳು. ಕೆಲವು ನಾಯಿಗಳು ಬೊಗಳುವುದೂ ಇಲ್ಲ, ಕುಂಯ್ ಎನ್ನುವುದೂ ಇಲ್ಲ, ಕಿವಿ ಮಾತ್ರ ತುಸು ಅಲುಗುತ್ತದೆ. ನಿಮ್ಮ ನಾಯಿಯದ್ದು ಯಾವುದೆಂದು ಒಂದೆರಡು ವಾರದಲ್ಲಿ ಗೊತ್ತಾಗುತ್ತದೆ. ಸೂಚನೆ ಕಂಡ ಕೂಡಲೇ ಎದ್ದುಬಿಡಿ. "ಈ ಸಾಲು ಬರೆದು ಹೋಗುತ್ತೇನೆ" ಎಂದರೆ ತಡವಾಯಿತು.

ಕ್ರೇಟ್ ಅಥವಾ ಪಂಜರ ಬಳಸುವವರು ಒಂದು ವಿಷಯ ಮೊದಲೇ ನೋಡಿಕೊಳ್ಳಿ. ನಾಯಿ ತಾನು ಮಲಗುವ ಜಾಗವನ್ನು ಗಲೀಜು ಮಾಡಿಕೊಳ್ಳುವುದಿಲ್ಲ ಎಂಬ ಸಹಜ ಗುಣದ ಮೇಲೆ ಈ ಉಪಾಯ ನಿಂತಿದೆ. ಎದ್ದು ನಿಲ್ಲಲು, ತಿರುಗಲು, ಕೈಕಾಲು ಚಾಚಿ ಮಲಗಲು ಆಗುವಷ್ಟು ಜಾಗ ಸಾಕು, ಅದಕ್ಕಿಂತ ದೊಡ್ಡದಾದರೆ ಒಂದು ಮೂಲೆ ಶೌಚಾಲಯವಾಗುತ್ತದೆ. ಆದರೆ ವರ್ಷಗಟ್ಟಲೆ ಗೂಡಿನಲ್ಲೇ ಉಂಡು, ಮಲಗಿ, ಅಲ್ಲೇ ಹೊಯ್ಯಬೇಕಾಗಿ ಬಂದ ನಾಯಿಯಲ್ಲಿ ಆ ಗುಣವೇ ಮುರಿದಿರುತ್ತದೆ. ಅಂಥ ನಾಯಿಯನ್ನು ಮತ್ತೆ ಪಂಜರಕ್ಕೆ ತುಂಬಿದರೆ ಭಯವೂ ಉಳಿಯುತ್ತದೆ, ಗಲೀಜೂ ಉಳಿಯುತ್ತದೆ. ಚುಕ್ಕಿಗೆ ನಾವು ಕ್ರೇಟ್ ಬಳಸಲಿಲ್ಲ, ಕೋಣೆಯ ಬಾಗಿಲಿಗೆ ಅಡ್ಡಗೇಟು ಹಾಕಿದೆವು. ಕ್ರೇಟಿನಲ್ಲಿ ನೆಮ್ಮದಿಯಾಗಿರುವ ನಾಯಿಯನ್ನೂ ಹಗಲು ನಾಲ್ಕು ಗಂಟೆಗಿಂತ ಹೆಚ್ಚು ಒಂದೇ ಸಮ ಅದರೊಳಗೆ ಇಡಬೇಡಿ.

ತಪ್ಪಾದಾಗ

ಆಗೇ ಆಗುತ್ತದೆ. ಹೊಯ್ಯುತ್ತಿರುವಾಗಲೇ ಕಂಡರೆ ಕಿರುಚಬೇಡಿ. ಮೆಲ್ಲಗೆ ಚಪ್ಪಾಳೆ ತಟ್ಟಿಯೋ ಹೆಸರು ಕರೆದೋ ಗಮನ ಸೆಳೆದು, ಬೇಗಬೇಗ ಹೊರಗೆ ಕರೆದೊಯ್ಯಿರಿ. ಅಲ್ಲಿ ಉಳಿದ ನಾಲ್ಕು ಹನಿ ಹೊಯ್ದರೂ ತಿಂಡಿ ಕೊಡಿ.

ಆಮೇಲೆ ಕಂಡದ್ದಾದರೆ ಒರೆಸಿ, ಅಷ್ಟೇ. ಮೂಗನ್ನು ಉಚ್ಚೆಗೆ ತಿಕ್ಕುವುದು, ಎಳೆದು ತಂದು ತೋರಿಸಿ ಬೈಯುವುದು, ಹೊಡೆಯುವುದು, ಯಾವುದೂ ಕಲಿಸುವುದಿಲ್ಲ. "ಅದಕ್ಕೆ ತಪ್ಪು ಗೊತ್ತಿದೆ, ಮುಖ ನೋಡಿ" ಎನ್ನುವವರಿದ್ದಾರೆ. ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ಪರೀಕ್ಷಿಸಿದರು. ನಾಯಿ ನಿಜವಾಗಿ ತಪ್ಪು ಮಾಡಿತ್ತೋ ಇಲ್ಲವೋ ಎಂಬುದಕ್ಕೂ ಆ "ತಪ್ಪಿತಸ್ಥ" ಮುಖಕ್ಕೂ ಸಂಬಂಧ ಕಾಣಲಿಲ್ಲ. ಒಡೆಯರು ಬೈದಾಗ ಆ ಮುಖ ಹೆಚ್ಚಾಗಿ ಬಂತು, ಏನೂ ಮಾಡಿರದ ನಾಯಿಗೂ ಬಂತು. ನಾವು ಪಶ್ಚಾತ್ತಾಪ ಎಂದುಕೊಳ್ಳುವುದು ನಮ್ಮ ಸಿಟ್ಟಿಗೆ ಅದು ತೋರುವ ಅಂಜಿಕೆ. ಚುಕ್ಕಿಯ ಮುಖದಲ್ಲಿ ಮೊದಲ ಸಂಜೆ ಇದ್ದದ್ದೂ ಅದೇ.

ಒರೆಸುವುದಕ್ಕೂ ಕ್ರಮವಿದೆ. ಮೊದಲು ಒಣಬಟ್ಟೆ ಅಥವಾ ಕಾಗದ ಒತ್ತಿ ಹೀರಿಸಿ, ತಿಕ್ಕಬೇಡಿ, ತಿಕ್ಕಿದರೆ ಇನ್ನೂ ಒಳಗಿಳಿಯುತ್ತದೆ. ಆಮೇಲೆ ಎನ್‌ಜೈಮ್ ಇರುವ, ಸಾಕುಪ್ರಾಣಿಗಳ ಕಲೆಗೆಂದೇ ಮಾಡಿದ ಕ್ಲೀನರ್ ಧಾರಾಳವಾಗಿ ಸುರಿದು, ಪೊಟ್ಟಣದ ಮೇಲೆ ಹೇಳಿರುವಷ್ಟು ಹೊತ್ತು ಬಿಡಿ. ಸಾಮಾನ್ಯ ಫಿನಾಯಿಲು ನಮ್ಮ ಮೂಗಿಗೆ ವಾಸನೆ ಮರೆಸುತ್ತದೆ, ನಾಯಿಯ ಮೂಗಿಗಲ್ಲ. ಅಮೋನಿಯಾ ಇರುವ ದ್ರವಗಳಂತೂ ಬೇಡವೇ ಬೇಡ. ಹಳಸಿದ ಉಚ್ಚೆಯಿಂದ ಏಳುವುದೂ ಅಮೋನಿಯಾ ವಾಸನೆಯೇ, ಆದ್ದರಿಂದ ನಾಯಿಗೆ ಅದು ಕರೆದಂತೆ ಆಗುತ್ತದೆ. ಅಮೋನಿಯಾ ಜೊತೆ ಬ್ಲೀಚ್ ಸೇರಿದರೆ ವಿಷಾನಿಲ ಹುಟ್ಟುತ್ತದೆ, ಹಾಗಾಗಿ ಉಚ್ಚೆಯ ಮೇಲೆ ಬ್ಲೀಚ್ ಸುರಿಯುವುದೂ ಬೇಡ. ಹಳೆಯ ಕಲೆ ಎಲ್ಲಿದೆಯೆಂದು ತಿಳಿಯದಿದ್ದರೆ ರಾತ್ರಿ ದೀಪ ಆರಿಸಿ ಅಲ್ಟ್ರಾವಯಲೆಟ್ ಟಾರ್ಚ್ ಬಿಟ್ಟು ನೋಡಿ, ಕಲೆಗಳು ಹೊಳೆಯುತ್ತವೆ. ಮತ್ತೆ ಮತ್ತೆ ಅದೇ ಮೂಲೆ ಹುಡುಕುತ್ತಿದ್ದರೆ, ಶುಚಿ ಮಾಡಿದ ಮೇಲೆ ನಾಯಿಯ ಊಟದ ಬಟ್ಟಲನ್ನೇ ಅಲ್ಲಿಡಿ.

ರಾತ್ರಿ, ಮತ್ತು ನೀವಿಲ್ಲದ ಹೊತ್ತು

ಮೊದಲ ವಾರ ನಾಯಿ ನಿಮ್ಮ ಕೋಣೆಯಲ್ಲೇ ಮಲಗಲಿ. ಅದು ಎದ್ದು ಓಡಾಡಿದರೆ ನಿಮಗೆ ಎಚ್ಚರವಾಗಬೇಕು. ನಡುರಾತ್ರಿ ಹೊರಗೆ ಕರೆದೊಯ್ಯುವಾಗ ದೀಪ ಮಂದವಿರಲಿ, ಮಾತು ಬೇಡ, ಕೆಲಸ ಮುಗಿದ ಕೂಡಲೇ ಮತ್ತೆ ಹಾಸಿಗೆ. ಇಲ್ಲದಿದ್ದರೆ 3 ಗಂಟೆಗೆ ಆಟದ ಹೊತ್ತು ಎಂದು ತಿಳಿಯುತ್ತದೆ.

ಇಡೀ ದಿನ ಹೊರಗೆ ದುಡಿಯುವವರು ಮಧ್ಯಾಹ್ನ ಯಾರಾದರೂ ಬಂದು ಒಮ್ಮೆ ಹೊರಗೆ ಕರೆದೊಯ್ಯುವಂತೆ ಏರ್ಪಾಡು ಮಾಡಿಕೊಳ್ಳಲೇಬೇಕು. ಹೀರುವ ಪ್ಯಾಡ್‌ಗಳನ್ನು ನಾನು ಕೊನೆಯ ದಾರಿ ಎಂದೇ ನೋಡುತ್ತೇನೆ. ಒಳಗೂ ಹೊಯ್ಯಬಹುದು ಎಂದು ಕಲಿಸಿ, ಮತ್ತೆ ಅದನ್ನು ಮರೆಸುವುದು ಇಮ್ಮಡಿ ಕೆಲಸ. ಮುದಿ ನಾಯಿ, ಕಾಯಿಲೆಯ ನಾಯಿ, ಎತ್ತರದ ಮಹಡಿಯ ಮನೆ ಇಂಥ ಕಡೆ ಪ್ಯಾಡ್ ಬೇಕಾಗಬಹುದು. ಆಗ ಜಾಗ ಬದಲಿಸದೆ ಒಂದೇ ಕಡೆ ಇಡಿ.

ಬಿಡುಗಡೆ ಹಂತಹಂತವಾಗಿ

ಒಂದು ಕೋಣೆಯಲ್ಲಿ ನಾಲ್ಕು ವಾರ ಒಂದೂ ತಪ್ಪಾಗದಿದ್ದರೆ ಎರಡನೆಯ ಕೋಣೆ ತೆರೆಯಿರಿ, ಅದೂ ನೀವು ಜೊತೆಗಿದ್ದಾಗ. ಒಂದು ತಪ್ಪಾದರೆ ಒಂದು ಹೆಜ್ಜೆ ಹಿಂದೆ, ಅಷ್ಟೇ. ಮೊದಲ ಹತ್ತು ದಿನ ಸರಿಯಿದ್ದು ಆಮೇಲೆ ತಪ್ಪುವ ನಾಯಿಗಳೂ ಇವೆ. ಹೆದರಿ ಕಟ್ಟಿಕೊಂಡಿದ್ದ ನಾಯಿ ಮನೆ ಒಗ್ಗುತ್ತಿದ್ದಂತೆ ಸಡಿಲವಾಗುತ್ತದೆ. ಅದು ಹಿನ್ನಡೆಯಲ್ಲ, ಪಾಠ ಈಗ ಶುರುವಾಯಿತು ಎಂದುಕೊಳ್ಳಿ. ತಿಂಗಳುಗಟ್ಟಲೆ ಸರಿಯಿದ್ದ ನಾಯಿ ಇದ್ದಕ್ಕಿದ್ದಂತೆ ತಪ್ಪತೊಡಗಿದರೆ ಮಾತ್ರ ಮತ್ತೆ ಪಶುವೈದ್ಯರಲ್ಲಿಗೆ ಹೋಗಿ.

ಬಾಗಿಲಿಗೆ ಗಂಟೆ ಕಟ್ಟಿ, ಹೊರಗೆ ಹೋಗುವ ಮುನ್ನ ಪ್ರತಿ ಸಲ ಮೂಗಿನಿಂದ ಅದನ್ನು ತಟ್ಟಿಸುವುದು ಒಳ್ಳೆಯ ಉಪಾಯ. ಸದ್ದಿಲ್ಲದೆ ಕೇಳುವ ನಾಯಿಗೆ ಅದೊಂದು ದನಿಯಾಗುತ್ತದೆ.

ಕೊನೆಯದಾಗಿ, ನಿಮ್ಮ ಮನೆಯಲ್ಲಿ ಕಲಿತದ್ದು ಬೇರೆಯವರ ಮನೆಗೂ ಅನ್ವಯಿಸುತ್ತದೆ ಎಂದು ನಾಯಿಗೆ ತಿಳಿದಿರುವುದಿಲ್ಲ. ಚುಕ್ಕಿ ನಮ್ಮಲ್ಲಿ ಆರು ತಿಂಗಳು ಶುಚಿಯಾಗಿದ್ದು, ಅಕ್ಕನ ಮನೆಗೆ ಹೋದ ದಿನ ಅಲ್ಲಿನ ಪಡಸಾಲೆಯಲ್ಲೇ ಕುಳಿತಳು. ಈಗ ಎಲ್ಲಿಗೆ ಹೋದರೂ ಮೊದಲು ಹೊರಗೆ ಹತ್ತು ನಿಮಿಷ ನಿಲ್ಲುತ್ತೇವೆ. ಅವಳು ಮೂಸಿ, ಸುತ್ತಿ, ನನ್ನ ಪಕ್ಕದಲ್ಲೇ ಕುಳಿತು ಮುಗಿಸುತ್ತಾಳೆ. ಬಾಲ ಮೇಲಿರುತ್ತದೆ. ಜೇಬಿನಿಂದ ತಿಂಡಿ ತೆಗೆದು ಕೊಟ್ಟ ಮೇಲೆ ಒಳಗೆ ಹೋಗುತ್ತೇವೆ.